ಸೆಪ್ಟೆಂಬರಿನಲ್ಲೇ ಶುರುವಾದ ಕ್ರಿಸ್‌ಮಸ್: ಒಂದು ಅಂಗಡಿಯ ಪ್ರಕರಣ ಅಧ್ಯಯನ

ಕ್ರಿಸ್‌ಮಸ್ ಸಾಮಾನನ್ನು ಅಂಗಡಿಗಳು ತಿಂಗಳುಗಟ್ಟಲೆ ಮುಂಚೆಯೇ ಹರಡಿ ಕೂತರೆ ಹಬ್ಬದ ಸೊಗಸು ಕೆಡುತ್ತದಾ? ಕೊಳ್ಳುವವರನ್ನು ಕೇಳಿದರೆ ಹೆಚ್ಚಿನವರು ಹೌದು ಅನ್ನುತ್ತಾರೆ. ಮಾರುವವರನ್ನು ಕೇಳಿದರೆ, ಜನ ತಗೊಳ್ತಾರಲ್ಲ, ಮತ್ತೇನು ತೊಂದರೆ ಅನ್ನುತ್ತಾರೆ. ಇಬ್ಬರ ಮಾತಿನಲ್ಲೂ ಹುರುಳಿದೆ. ಈ ಎರಡು ಮಾತುಗಳ ನಡುವೆ ಸಿಕ್ಕಿಕೊಂಡ ಒಂದು ಅಂಗಡಿಯ ಕತೆ ಇದು. ಅಂಗಡಿಯ ಹೆಸರು, ಊರು, ಅಲ್ಲಿನವರ ಹೆಸರು ಎಲ್ಲವನ್ನೂ ಬಿಟ್ಟಿದ್ದೇನೆ. ಗುರುತು ಸಿಗಬಹುದಾದ ಒಂದೆರಡು ವಿವರ ಬದಲಿಸಿದ್ದೇನೆ. ಸಾಮಾನು ಜೋಡಣೆಯ ಕೆಲಸಕ್ಕೆ ಸಲಹೆ ಕೊಡಲು ಅವರು ನನ್ನನ್ನು ಕರೆಸಿದ್ದರು. ಹಾಗಾಗಿ ಇಲ್ಲಿರುವುದರಲ್ಲಿ ಜಾಸ್ತಿ ಪಾಲು ಕಣ್ಣಾರೆ ಕಂಡದ್ದು.

ಹಿನ್ನೆಲೆ

ಅದು ಮನೆಬಳಕೆ ಮತ್ತು ಅಲಂಕಾರ ಸಾಮಾನಿನ ಅಂಗಡಿ. ಎರಡು ಮಹಡಿ, ಮಧ್ಯಮ ಗಾತ್ರ, ಒಂದೇ ಕುಟುಂಬದ ಒಡೆತನ. ವರ್ಷದ ಲಾಭದಲ್ಲಿ ದೊಡ್ಡ ತುಂಡು ಕ್ರಿಸ್‌ಮಸ್ ವ್ಯಾಪಾರದಿಂದಲೇ ಬರುತ್ತಿತ್ತು. ಇದು ಅವರೊಬ್ಬರ ಕತೆಯಲ್ಲ, ಇಂಥ ಅಂಗಡಿಗಳು ನಡೆಯುವುದೇ ಹೀಗೆ.

ಸಾಮಾನು ಬೇಗ ಹೊರಗೆ ಬರುವುದಕ್ಕೆ ದುರಾಸೆಯೊಂದೇ ಕಾರಣ ಅಂದುಕೊಳ್ಳುವವರು ಈ ವ್ಯವಹಾರದ ಒಳಗನ್ನು ಒಮ್ಮೆ ನೋಡಬೇಕು. ಜಗತ್ತಿನ ಕ್ರಿಸ್‌ಮಸ್ ಅಲಂಕಾರದ ದೊಡ್ಡ ಪಾಲು ತಯಾರಾಗುವುದು ಚೀನಾದಲ್ಲಿ, ಅದರಲ್ಲೂ ಯಿವು ಎಂಬ ಒಂದು ನಗರದ ಸುತ್ತಮುತ್ತ. ಅಲ್ಲಿಂದ ಹಡಗಿನಲ್ಲಿ ಬರುವುದಕ್ಕೆ ವಾರಗಟ್ಟಲೆ ಬೇಕು. ಹಾಗಾಗಿ ಆರ್ಡರ್ ಕೊಡುವುದು ವರ್ಷದ ಮೊದಲ ತಿಂಗಳುಗಳಲ್ಲೇ. ಕಂಟೇನರ್ ತಡವಾಗಿ ಬಂದರೆ ಇಡೀ ವರ್ಷದ ವ್ಯಾಪಾರ ಹೋಯಿತು ಎಂದೇ ಲೆಕ್ಕ. ಆ ಭಯಕ್ಕೆ ಎಲ್ಲರೂ ಸಾಮಾನನ್ನು ಆಗಸ್ಟಿಗೇ ತರಿಸಿಕೊಳ್ಳುತ್ತಾರೆ. ಬಂದ ಮೇಲೆ ಅದು ಗೋದಾಮಿನಲ್ಲಿ ಕೂತು ಬಾಡಿಗೆ ತಿನ್ನುತ್ತದೆ. ಸಾಲ ಮಾಡಿ ತಂದಿದ್ದರೆ ಬಡ್ಡಿಯೂ ಜೊತೆಗೆ. ಅದನ್ನು ನೋಡುತ್ತಾ ಸುಮ್ನೆ ಕೂರಲು ಯಾವ ಮಾಲೀಕನಿಗೂ ಆಗುವುದಿಲ್ಲ.

ಇದರ ಮೇಲೆ ಅಕ್ಕಪಕ್ಕದವರ ಪೈಪೋಟಿ. ಆಚೆ ಅಂಗಡಿಯವರು ಅಕ್ಟೋಬರಿನಲ್ಲಿ ಇಟ್ಟರು ಅಂತ ಇವರು ಸೆಪ್ಟೆಂಬರ್ ಕೊನೆಗೆ ಇಟ್ಟರು. ಮರುವರ್ಷ ಅವರು ಇನ್ನೊಂದು ವಾರ ಹಿಂದೆ ಸರಿಸಿದರು. ಸೆಪ್ಟೆಂಬರಿನಲ್ಲೇ ಶುರು ಮಾಡೋಣ ಅಂತ ಈ ಅಂಗಡಿಯಲ್ಲಿ ಯಾರೂ ಕೂತು ತೀರ್ಮಾನಿಸಿದ್ದಿಲ್ಲ. ವರ್ಷಕ್ಕೊಂದಿಷ್ಟು ಜಾರುತ್ತಾ ಜಾರುತ್ತಾ ಅಲ್ಲಿಗೆ ಬಂದು ನಿಂತಿದ್ದರು.

ಈ ಜಾರಾಟ ಹೊಸದೇನಲ್ಲ. 1939ರಲ್ಲಿ ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಥ್ಯಾಂಕ್ಸ್‌ಗಿವಿಂಗ್ ಹಬ್ಬವನ್ನೇ ನವೆಂಬರ್ 30ರಿಂದ 23ಕ್ಕೆ ಹಿಂದೆ ತಂದರು. ಆ ಹಬ್ಬ ಮುಗಿಯದೆ ಕ್ರಿಸ್‌ಮಸ್ ವ್ಯಾಪಾರ ರಂಗೇರುವುದಿಲ್ಲ, ಒಂದು ವಾರ ಜಾಸ್ತಿ ಸಿಕ್ಕರೆ ಒಳ್ಳೆಯದು ಎಂಬುದು ವ್ಯಾಪಾರಿಗಳ ಒತ್ತಾಯವಾಗಿತ್ತು. ಎಷ್ಟೋ ರಾಜ್ಯಗಳು ಒಪ್ಪಲಿಲ್ಲ. ಒಂದೇ ದೇಶದಲ್ಲಿ ಹಬ್ಬ ಎರಡು ದಿನ ನಡೆಯುವಂತಾಯಿತು. ಕೊನೆಗೆ 1941ರಲ್ಲಿ ನವೆಂಬರಿನ ನಾಲ್ಕನೇ ಗುರುವಾರ ಅಂತ ಕಾನೂನು ಮಾಡಿದ ಮೇಲೆ ಗಲಾಟೆ ನಿಂತಿತು.

ಅದಕ್ಕೂ ಹಿಂದಿನ ಒಂದು ಸಂಗತಿ ನನಗೆ ಇನ್ನೂ ಮುಖ್ಯ ಅನಿಸುತ್ತದೆ. 20ನೇ ಶತಮಾನದ ಶುರುವಿನಲ್ಲಿ ಸಮಾಜ ಸುಧಾರಕಿ ಫ್ಲಾರೆನ್ಸ್ ಕೆಲ್ಲಿ ಮತ್ತು ಆಕೆ ಮುನ್ನಡೆಸಿದ ಗ್ರಾಹಕರ ಸಂಘಟನೆ ನ್ಯಾಷನಲ್ ಕನ್ಸ್ಯೂಮರ್ಸ್ ಲೀಗ್, ಕ್ರಿಸ್‌ಮಸ್ ಖರೀದಿಯನ್ನು ಬೇಗ ಮುಗಿಸಿ ಅಂತ ಅಮೆರಿಕದ ಜನರನ್ನು ಕೇಳಿಕೊಂಡಿತ್ತು. ಕೊನೆ ವಾರಗಳ ನೂಕುನುಗ್ಗಲಿನಲ್ಲಿ ಅಂಗಡಿ ಹುಡುಗಿಯರು, ಸಾಮಾನು ಹೊರುವ ಮಕ್ಕಳು ನಡುರಾತ್ರಿಯವರೆಗೂ ದುಡಿದು ಹಣ್ಣಾಗುತ್ತಿದ್ದರು. ಬೇಗ ಕೊಳ್ಳಿ ಅನ್ನುವುದು ಆಗ ಕೆಲಸಗಾರರ ಮೇಲಿನ ಕಾಳಜಿಯ ಮಾತು. ಈ ಪ್ರಕರಣದಲ್ಲಿ ಬೇಗ ಶುರುವಾದ ಹಬ್ಬದಿಂದ ಮೊದಲು ಸುಸ್ತಾದವರೂ ಕೆಲಸಗಾರರೇ.

ಸಮಸ್ಯೆ ಕಣ್ಣಿಗೆ ಬಿದ್ದ ಬಗೆ

ಮೊದಲ ವರ್ಷ ನಾನು ಹೋದಾಗ ನವೆಂಬರ್ ಅರ್ಧ ಕಳೆದಿತ್ತು. ಬಾಗಿಲಲ್ಲೇ ದೊಡ್ಡ ಪ್ಲಾಸ್ಟಿಕ್ ಮರ. ಎರಡು ತಿಂಗಳಿಂದ ಅಲ್ಲೇ ನಿಂತಿತ್ತು. ಕೈಗೆಟುಕುವ ಎತ್ತರದ ಕೊಂಬೆಗಳೆಲ್ಲ ಬಾಗಿ ಹೋಗಿದ್ದವು. ಮಕ್ಕಳು ಎಳೆದೂ ಎಳೆದೂ ಕೆಳಗಿನ ಗೋಲಗಳ ಹೊಳಪು ಸುಲಿದಿತ್ತು. ಕಿಟಕಿಗೆ ಕಟ್ಟಿದ್ದ ಕೆಂಪು ರಿಬ್ಬನ್ನು ಬಿಸಿಲಿಗೆ ಬಣ್ಣ ಬಿಟ್ಟು ಮಾಸಲು ಕಿತ್ತಳೆಯಾಗಿತ್ತು. ಗಂಟಿನ ಒಳಮಡಿಕೆಯಲ್ಲಿ ಮಾತ್ರ ಹಳೆಯ ಕೆಂಪು ಉಳಿದಿತ್ತು. ಹಬ್ಬಕ್ಕೆ ಇನ್ನೂ ಒಂದು ತಿಂಗಳಿದೆ, ಅಲಂಕಾರ ಆಗಲೇ ಹಳತಾಗಿದೆ.

ಒಳಗೆ ಒಂದು ಶೆಲ್ಫಿನಲ್ಲಿ ಹಾಡುವ ಬೊಂಬೆಗಳಿದ್ದವು. ಹೊಟ್ಟೆ ಒತ್ತಿದರೆ ಸೊಂಟ ಕುಣಿಸುತ್ತಾ ಒಂದೇ ಸಾಲನ್ನು ಹಾಡುವಂಥವು. ಅಂಗಡಿಗೆ ಬಂದ ಪ್ರತಿ ಮಗುವೂ ಒತ್ತಿಯೇ ಮುಂದೆ ಹೋಗುತ್ತಿತ್ತು. ಒಂದು ದಿನ ನೋಡಿದರೆ ಯಾವ ಬೊಂಬೆಯೂ ಹಾಡುತ್ತಿಲ್ಲ. ಆ ಸಾಲಿನ ಪಕ್ಕದ ಕೌಂಟರಿನಲ್ಲಿ ಕೂರುತ್ತಿದ್ದ ಹುಡುಗಿ ಎಲ್ಲದರ ಬ್ಯಾಟರಿ ತೆಗೆದು ಒಂದು ಡಬ್ಬಿಯಲ್ಲಿ ಹಾಕಿಟ್ಟಿದ್ದಳು. ಕೇಳಿದ್ದಕ್ಕೆ, "ಬೆಳಗ್ಗೆಯಿಂದ ಸಂಜೆವರೆಗೆ ಅದೇ ಹಾಡು ಸಾರ್, ಮನೆಗೆ ಹೋದರೂ ಕಿವಿಯಲ್ಲಿ ಅದೇ" ಅಂದಳು. ಆಕೆ ಕ್ರೈಸ್ತ ಮನೆತನದವಳು. ಮನೆಯಲ್ಲಿ ಕ್ರಿಸ್‌ಮಸ್ ಹಾಡು ಹಾಕಿದರೆ ಈಗ ಎದ್ದು ಬೇರೆ ಕೋಣೆಗೆ ಹೋಗುತ್ತೇನೆ ಅಂತಲೂ ಹೇಳಿದಳು. ಬ್ಯಾಟರಿ ತೆಗೆದದ್ದಕ್ಕೆ ಬೈಗುಳ ಬೀಳುತ್ತದೆ ಅಂತ ಹೆದರಿದ್ದಳು. ಮಾಲೀಕರು ಬೈಯಲಿಲ್ಲ, ಅದು ಅವರ ಒಳ್ಳೆಯತನ.

ಮನಶ್ಶಾಸ್ತ್ರ ಓದಿದವರಿಗೆ ಇದು ಹೊಸದಲ್ಲ. ಒಂದು ವಸ್ತು ಮತ್ತೆ ಮತ್ತೆ ಎದುರಾದರೆ ಅದರ ಮೇಲೆ ಇಷ್ಟ ಹೆಚ್ಚುತ್ತದೆ ಅಂತ ರಾಬರ್ಟ್ ಜಾಯೋನ್ಸ್ 1968ರಲ್ಲಿ ತೋರಿಸಿದ್ದರು. ಆದರೆ ಇದಕ್ಕೊಂದು ಮಿತಿಯಿದೆ ಅಂತ ಡೇನಿಯಲ್ ಬರ್ಲೈನ್ ಮುಂತಾದವರ ಕೆಲಸದಿಂದ ಆಮೇಲೆ ಗೊತ್ತಾಯಿತು. ಮಿತಿ ದಾಟಿದರೆ ಅದೇ ವಸ್ತು ಬೇಸರ ತರಿಸುತ್ತದೆ, ಅದರಲ್ಲೂ ತೀರಾ ಸರಳವಾದದ್ದು ಬೇಗ ಬೇಸರವಾಗುತ್ತದೆ. ಒಂದೇ ಸಾಲಿನ ಹಾಡಿಗಿಂತ ಸರಳವಾದದ್ದು ಇನ್ನೇನಿದೆ?

ಕೊಳ್ಳುವವರ ಕತೆ ಬೇರೆ. ಅವರು ಬೇಸರ ಪಡುವಷ್ಟು ಹೊತ್ತು ಅಂಗಡಿಯಲ್ಲಿ ಇರುವುದಿಲ್ಲ. ಅವರಿಗೆ ಅದು ಕಾಣುವುದೇ ನಿಂತುಹೋಗಿತ್ತು. ನವೆಂಬರ್ ಕೊನೆಯಲ್ಲಿ ಜನ ಆ ದೊಡ್ಡ ಮರವನ್ನು ಕಂಬದ ಹಾಗೆ ಬಳಸಿಕೊಂಡು ಒಳಗೆ ಹೋಗುತ್ತಿದ್ದರು. ತಲೆಯೆತ್ತಿ ನೋಡುವವರು ಕಡಿಮೆ.

ದೂರಿನ ಪುಸ್ತಕ ಹೇಳಿದ್ದು

ಜನವರಿಯಲ್ಲಿ ಮಾಲೀಕರು, ಖರೀದಿ ನೋಡಿಕೊಳ್ಳುವ ಹೆಂಗಸು, ಮಹಡಿಯ ಮೇಲ್ವಿಚಾರಕ ಮತ್ತು ನಾನು ಕೂತು ಗ್ರಾಹಕರ ದೂರಿನ ಪುಸ್ತಕ ತೆರೆದೆವು. ಇಷ್ಟು ಬೇಗ ಯಾಕೆ ಅನ್ನುವ ದೂರುಗಳು ಇರುತ್ತವೆ ಅಂತ ಎಲ್ಲರಿಗೂ ಗೊತ್ತಿತ್ತು, ಇದ್ದವು. ಸೆಪ್ಟೆಂಬರ್, ಅಕ್ಟೋಬರಿನ ಪುಟಗಳಲ್ಲಿ ಅಂಥ ಮಾತು ಬೇಕಾದಷ್ಟಿತ್ತು. ಅರ್ಧ ತಮಾಷೆ, ಅರ್ಧ ಗೊಣಗಾಟ.

ನಿಜವಾದ ಸಿಟ್ಟು ಇದ್ದದ್ದು ಡಿಸೆಂಬರ್ 20ರ ನಂತರದ ಪುಟಗಳಲ್ಲಿ. ದೀಪದ ಸರ ಕೆಟ್ಟುಹೋಗಿ ಹೊಸದಕ್ಕೆ ಬಂದವರಿಗೆ ಸರ ಇಲ್ಲ. ಮೇಣದಬತ್ತಿ ಇಲ್ಲ. ಕ್ರಿಸ್‌ಮಸ್ ಶೆಲ್ಫುಗಳಲ್ಲಿ ಅರ್ಧ ಆಗಲೇ ಖಾಲಿ ಮಾಡಿ ಹೊಸ ವರ್ಷದ ಕ್ಯಾಲೆಂಡರ್, ಸಾಮಾನು ತುಂಬಿಡುವ ಡಬ್ಬಿಗಳನ್ನು ಇಟ್ಟಿದ್ದರು. ಉಳಿದದ್ದರ ಮೇಲೆ ಕಡಿತದ ಬೆಲೆಯ ಚೀಟಿ. ಒಬ್ಬರು ಹೀಗೆ ಬರೆದಿದ್ದರು: ಹಬ್ಬ ಬರುವ ಮುಂಚೆಯೇ ನೀವು ಅದನ್ನು ಗುಡಿಸಿ ಹಾಕುತ್ತಿದ್ದೀರಿ.

ಕ್ರೈಸ್ತ ಪಂಚಾಂಗದ ಲೆಕ್ಕ ನೋಡಿದರೆ ಆ ಗ್ರಾಹಕರ ಮಾತು ಸರಿ. ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಕಾಲಕ್ಕೆ ಅಡ್ವೆಂಟ್ ಅನ್ನುತ್ತಾರೆ. ಅದರ ಮೊದಲ ಭಾನುವಾರ ನವೆಂಬರ್ 27ರಿಂದ ಡಿಸೆಂಬರ್ 3ರ ಒಳಗೆ ಬೀಳುತ್ತದೆ. ಅದು ಕಾಯುವ ಕಾಲ. ಹಬ್ಬದ ಕಾಲ ಶುರುವಾಗುವುದೇ ಡಿಸೆಂಬರ್ 25ಕ್ಕೆ. ಎಪಿಫನಿ, ಅಂದರೆ ಜ್ಞಾನಿಗಳು ಶಿಶು ಯೇಸುವನ್ನು ಕಂಡದ್ದನ್ನು ನೆನೆಯುವ ಹಬ್ಬ, ಬರುವುದು ಜನವರಿ 6ಕ್ಕೆ. ಆ ಹನ್ನೆರಡು ದಿನಗಳನ್ನೂ ಹಬ್ಬವಾಗಿ ಆಚರಿಸುವ ಮನೆಗಳಿವೆ. ಇನ್ನು ಜೂಲಿಯನ್ ಪಂಚಾಂಗ ಹಿಡಿದಿರುವ ಆರ್ಥೊಡಾಕ್ಸ್ ಸಭೆಗಳಿಗೆ ಕ್ರಿಸ್‌ಮಸ್ ಬರುವುದು ನಮ್ಮ ಕ್ಯಾಲೆಂಡರಿನ ಜನವರಿ 7ಕ್ಕೆ. ಅಂಥ ಕೆಲವು ಕುಟುಂಬಗಳು ಈ ಅಂಗಡಿಯ ಖಾಯಂ ಗಿರಾಕಿಗಳು. ಅವರ ಹಬ್ಬಕ್ಕೆ ಎರಡು ವಾರ ಇದೆ ಅನ್ನುವಾಗ ಅಂಗಡಿ ಅವರಿಗೆ ಖಾಲಿ ಶೆಲ್ಫು ತೋರಿಸುತ್ತಿತ್ತು.

ಚರ್ಚೆಯ ದಿಕ್ಕು ಬದಲಾದದ್ದು ಇಲ್ಲಿ. ಅಲ್ಲಿವರೆಗೆ ಮಾತೆಲ್ಲ ಶುರುವಿನ ತಾರೀಖಿನ ಮೇಲಿತ್ತು. ಬೇಗ ಶುರು ಮಾಡಿದ್ದಕ್ಕೆ ಬೇಗ ಮುಗಿಸಬೇಕಾಗುತ್ತದೆ ಅನ್ನುವುದನ್ನು ಯಾರೂ ಜೋಡಿಸಿ ನೋಡಿರಲಿಲ್ಲ. ಮೂರು ತಿಂಗಳು ಒಂದೇ ಸಾಮಾನು ಇಟ್ಟುಕೊಂಡವರಿಗೆ ಡಿಸೆಂಬರ್ ನಡುವಿಗೆ ಅದನ್ನು ನೋಡಿದರೇ ಸಾಕಾಗಿರುತ್ತದೆ, ಜಾಗ ಬಿಡಿಸಿಕೊಳ್ಳುವ ಅವಸರ ಹತ್ತುತ್ತದೆ. ಸಂಭ್ರಮ ನಿಜವಾಗಿ ಮನೆಗೆ ಬರುವ ವಾರದಲ್ಲೇ ಅಂಗಡಿ ಕೈ ತೊಳೆದುಕೊಂಡಿರುತ್ತದೆ. ನನ್ನ ಲೆಕ್ಕದಲ್ಲಿ ಹಬ್ಬಕ್ಕೆ ಆಗುವ ದೊಡ್ಡ ಪೆಟ್ಟು ಇದೇ.

ಏನು ಮಾಡೋಣ ಅನ್ನುವ ಜಗ್ಗಾಟ

ಮೇಲ್ವಿಚಾರಕನ ಸಲಹೆ ನೇರವಾಗಿತ್ತು: ಅಡ್ವೆಂಟ್‌ವರೆಗೆ ಏನೂ ಬೇಡ. ಅಮೆರಿಕದ ನಾರ್ಡ್‌ಸ್ಟ್ರಾಮ್ ಅಂಗಡಿಗಳು ಥ್ಯಾಂಕ್ಸ್‌ಗಿವಿಂಗ್ ಮುಗಿಯುವ ತನಕ ಕ್ರಿಸ್‌ಮಸ್ ಅಲಂಕಾರ ಹಾಕದೆ ಹೆಸರು ಮಾಡಿದ್ದವು, ನಾವೂ ಹಾಗೇ ಮಾಡೋಣ ಅಂದ.

ಮಾಲೀಕರು ಇನ್ನೊಂದು ಉದಾಹರಣೆ ತಂದರು. ಫಿಲಿಪ್ಪೀನ್ಸ್‌ನಲ್ಲಿ ಸೆಪ್ಟೆಂಬರ್ ಬಂದರೆ ಸಾಕು, ಹಾಡು, ದೀಪ ಎಲ್ಲ ಶುರು. ಅವರ ಕ್ರಿಸ್‌ಮಸ್ ಏನು ಕೆಟ್ಟುಹೋಗಿದೆಯಾ? ಇದು ಸುಲಭಕ್ಕೆ ತಳ್ಳಿಹಾಕುವ ಪ್ರಶ್ನೆಯಲ್ಲ. ನಾನು ಅದರ ಬಗ್ಗೆ ಬಹಳ ಯೋಚಿಸಿದೆ. ಅಲ್ಲಿನ ಕಾಲ ಉದ್ದವಿದೆ ನಿಜ, ಆದರೆ ಅದು ಏರುತ್ತಾ ಹೋಗುತ್ತದೆ. ಡಿಸೆಂಬರ್ 16ರಿಂದ ಒಂಬತ್ತು ದಿನ ನಸುಕಿನ ಪೂಜೆ, ಸಿಂಬಾಂಗ್ ಗಾಬಿ, ಅದಾದ ಮೇಲೆ 24ರ ರಾತ್ರಿ. ಜನ ಅದರಲ್ಲಿ ತಾವೇ ಸೇರಿಕೊಂಡಿರುತ್ತಾರೆ. ಕೊನೆಯ ದಿನಗಳು ಮೊದಲ ದಿನಗಳ ಹಾಗೆ ಇರುವುದಿಲ್ಲ. ನಮ್ಮ ಅಂಗಡಿಯಲ್ಲಾದರೆ ಸೆಪ್ಟೆಂಬರಿನ ಮರವೇ ಡಿಸೆಂಬರಿನ ಮರ, ಸೆಪ್ಟೆಂಬರಿನ ಹಾಡೇ ಡಿಸೆಂಬರಿನ ಹಾಡು. ಏರುವುದಕ್ಕೆ ಒಂದು ಮೆಟ್ಟಿಲೂ ಇರಲಿಲ್ಲ.

ಗಂಟು ಬಿಡಿಸಿದ್ದು ಖರೀದಿಯ ಹೆಂಗಸು. ಹಳೆಯ ಬಿಲ್ಲುಗಳನ್ನು ತಿಂಗಳವಾರು ಬಿಡಿಸಿ ತಂದರು. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ದೀಪದ ಸರ, ಗೋಲ, ಮರ ಅಂಥವು ಹೆಚ್ಚೇನೂ ಹೋಗಿರಲಿಲ್ಲ. ಹೋಗಿದ್ದು ಕಾರ್ಡುಗಳು, ಪಾರ್ಸೆಲ್ ಡಬ್ಬಿ, ಕೈಕೆಲಸದ ಸಾಮಾನು, ಗೋದಲಿಯ (ಯೇಸು ಹುಟ್ಟಿದ ಕೊಟ್ಟಿಗೆಯ) ಬೊಂಬೆಗಳು. ಕೊಂಡವರು ಯಾರು ಅಂತ ಕೌಂಟರಿನವರಿಗೆ ಗೊತ್ತಿತ್ತು. ದೂರದ ದೇಶದಲ್ಲಿರುವ ಮಕ್ಕಳಿಗೆ ಹಡಗಿನ ಅಂಚೆಯಲ್ಲಿ ಪಾರ್ಸೆಲ್ ಕಳಿಸುವವರು. ಚರ್ಚಿನ ನಾಟಕಕ್ಕೆ ತಯಾರಿ ನಡೆಸುವವರು. ಕೈಯಾರೆ ಉಡುಗೊರೆ ಮಾಡುವವರು. ಸಂಬಳ ಬಂದಾಗಲೆಲ್ಲ ಒಂದೊಂದೇ ವಸ್ತು ಕೊಂಡು ಖರ್ಚನ್ನು ಹರಡಿಕೊಳ್ಳುವವರು. ಅಡ್ವೆಂಟ್‌ವರೆಗೆ ಬಾಗಿಲು ಹಾಕಿದರೆ ಏಟು ಬೀಳುವುದು ಇವರಿಗೆ. ಹಬ್ಬವನ್ನು ಎಲ್ಲರಿಗಿಂತ ಮನಸ್ಸಿಟ್ಟು ಮಾಡುವವರೂ ಇವರೇ, ಅಲ್ವಾ?

ಆ ಪಟ್ಟಿ ನೋಡಿ ಮೇಲ್ವಿಚಾರಕನೇ ಹೇಳಿದ: "ಸಾಮಾನು ಬೇಗ ಬಂದ್ರೆ ತೊಂದ್ರೆ ಇಲ್ಲ ಬಿಡಿ. ಹಾಡು ಯಾಕೆ ಬೇಗ ಬರ್ಬೇಕು?" ಅಲ್ಲಿಂದ ಮುಂದಿನ ತೀರ್ಮಾನಗಳು ತಾವಾಗಿ ಬಂದವು.

ಮಾಡಿ ನೋಡಿದ್ದು

ಎರಡನೇ ವರ್ಷ ಸೆಪ್ಟೆಂಬರಿನಲ್ಲಿ ಸಾಮಾನು ಬಂತು, ಆದರೆ ಹಿಂದಿನ ಗೋಡೆಗೆ, ಸ್ಟೇಷನರಿಯ ಪಕ್ಕಕ್ಕೆ. ಮೊದಲು ಕೊಳ್ಳುವವರಿಗೆ ಬೇಕಾದದ್ದು ಮಾತ್ರ. ಮಾಮೂಲಿ ಶೆಲ್ಫು, ಮಾಮೂಲಿ ಬೆಳಕು, ಹಬ್ಬದ ತಯಾರಿಯ ಸಾಮಾನು ಅಂತ ಒಂದು ಬಿಳಿ ಬೋರ್ಡು. ಮರ, ತೋರಣ, ಹಾಡು ಯಾವುದೂ ಇಲ್ಲ. ಬೊಂಬೆಗಳ ಬ್ಯಾಟರಿಯನ್ನು ಬಿಲ್ ಮಾಡುವಾಗ ಹಾಕಿ ಕೊಡುವುದು ಅಂತಾಯಿತು. ಬಾಗಿಲು ಮತ್ತು ಕಿಟಕಿ ಅಡ್ವೆಂಟ್‌ನ ಮೊದಲ ಭಾನುವಾರದವರೆಗೆ ಬೇರೆ ಸಾಮಾನಿಗೆ ಬಿಟ್ಟುಕೊಟ್ಟರು.

ಜೊತೆಗೆ ದೀಪದ ಸರ, ಬಿಡಿ ಬಲ್ಬು, ಮೇಣದಬತ್ತಿಗಳಲ್ಲಿ ಒಂದು ಪಾಲನ್ನು ಡಿಸೆಂಬರ್ 20ರ ನಂತರಕ್ಕೆ ಅಂತ ಗುರುತು ಹಾಕಿ ಗೋದಾಮಿನಲ್ಲೇ ಉಳಿಸಿದರು. 25ರೊಳಗೆ ಕಡಿತದ ಚೀಟಿ ಅಂಟಿಸುವುದಿಲ್ಲ, ಒಂದು ಸಣ್ಣ ಸಾಲು ಜನವರಿ 7ರವರೆಗೂ ಇರುತ್ತದೆ ಅಂತ ಮಾತು ಮಾಡಿಕೊಂಡರು. ಹಾಡಿನ ಪಟ್ಟಿ ಮಾಡುವ ಕೆಲಸ ಕೌಂಟರಿನವರಿಗೆ ಹೋಯಿತು. ಸ್ವಲ್ಪ ಹೊತ್ತು ಹಾಡು, ಆಮೇಲೆ ಬರೀ ಮೌನ ಅಂತ ನಿಯಮ ಮಾಡಿದವರೂ ಅವರೇ.

ಅಕ್ಟೋಬರ್ ನಡುವಿನಲ್ಲಿ ಇದೆಲ್ಲ ಮುರಿದುಬೀಳುವುದರಲ್ಲಿತ್ತು. ಪಕ್ಕದ ಅಂಗಡಿ ಝಗಝಗ ಅನ್ನುತ್ತಿತ್ತು, ಇವರ ವ್ಯಾಪಾರ ಹಿಂದಿನ ವರ್ಷದ ಅದೇ ವಾರಗಳಿಗಿಂತ ಇಳಿದಿತ್ತು. ಒಂದು ಬೆಳಗ್ಗೆ ಮಾಲೀಕರು ಮರ ಹೊರಗೆ ತನ್ನಿ ಅಂದರು. ಹುಡುಗರು ಪೆಟ್ಟಿಗೆ ಕೆಳಗಿಳಿಸಿಯೂ ಆಗಿತ್ತು. ಖರೀದಿಯ ಹೆಂಗಸು ಒಂದು ಸಣ್ಣ ಪ್ರಶ್ನೆ ಕೇಳಿದರು: ಬಂದವರಿಗೆ ಹಿಂದಿನ ಗೋಡೆ ಗೊತ್ತಾಗಿದೆಯಾ? ಗೊತ್ತಾಗಿರಲಿಲ್ಲ. ಕಾರ್ಡು ಕೇಳಿಕೊಂಡು ಬಂದವರು ಬಾಗಿಲಲ್ಲಿ ಏನೂ ಕಾಣದೆ ಇನ್ನೂ ಬಂದಿಲ್ಲವೇನೋ ಅಂತ ತಿರುಗಿ ಹೋಗುತ್ತಿದ್ದರು. ಮರ ಪೆಟ್ಟಿಗೆಯಲ್ಲೇ ಉಳಿಯಿತು, ಬಾಗಿಲ ಬಳಿ ಬಾಣದ ಗುರುತಿನ ಒಂದು ಬೋರ್ಡು ಬಂತು. ಎರಡು ವಾರದಲ್ಲಿ ಕಾರ್ಡು, ಪಾರ್ಸೆಲ್ ಡಬ್ಬಿಗಳ ವ್ಯಾಪಾರ ಹಳೆಯ ಮಟ್ಟಕ್ಕೆ ಬಂತು. ಆ ಬೋರ್ಡಿನ ಯೋಚನೆ ಹೊಳೆಯದಿದ್ದರೆ ಇಡೀ ಪ್ರಯೋಗ ಸೋತಿತು ಅಂತ ಬರೆಯಬೇಕಾಗುತ್ತಿತ್ತು, ಸೋತ ಕಾರಣವೂ ತಪ್ಪಾಗಿ ದಾಖಲಾಗುತ್ತಿತ್ತು.

ಅಡ್ವೆಂಟ್‌ನ ಹಿಂದಿನ ರಾತ್ರಿ ಶಟರ್ ಎಳೆದು ಎಲ್ಲರೂ ಸೇರಿ ಅಂಗಡಿ ಸಿಂಗರಿಸಿದರು. ಆ ಕೆಲಸಕ್ಕೆ ಹೆಚ್ಚುವರಿ ಕೂಲಿ ಕೊಟ್ಟರು, ಮರುದಿನ ಬೆಳಗಿನ ಪಾಳಿ ತಡವಾಗಿ ಇಟ್ಟರು. ಬೆಳಗ್ಗೆ ಬಂದ ಜನ ಬಾಗಿಲಲ್ಲಿ ನಿಂತು ನೋಡಿದರು. ಕಂಬದ ಹಾಗೆ ಬಳಸಿಕೊಂಡು ಹೋಗುತ್ತಿದ್ದ ಅದೇ ಮರ, ಅದೇ ಜನ. ಬ್ಯಾಟರಿ ಕಿತ್ತಿದ್ದ ಹುಡುಗಿ ಮರದ ತುದಿಗೆ ನಕ್ಷತ್ರ ಕಟ್ಟುವ ಕೆಲಸ ತನಗೇ ಬೇಕು ಅಂತ ಕೇಳಿ ಪಡೆದಿದ್ದಳು.

ಫಲಿತಾಂಶ, ಅದರ ಎರಡೂ ಮುಖ

ಡಿಸೆಂಬರ್ ಕೊನೆ ವಾರ ಚೆನ್ನಾಗಿ ಹೋಯಿತು. ಉಳಿಸಿಟ್ಟ ದೀಪದ ಸರಗಳು ಪೂರ್ತಿ ಬೆಲೆಗೆ ಹೋದವು. ಹಿಂದಿನ ವರ್ಷ ಇದೇ ಹೊತ್ತಿಗೆ ಅವು ಕಡಿತದ ಬೆಲೆಯಲ್ಲಿ ತೀರಿಹೋಗಿದ್ದವು. 25 ಕಳೆದ ಮೇಲೂ ಜನ ಬಂದರು, ಜನವರಿಯ ಸಾಲನ್ನು ಹುಡುಕಿಕೊಂಡು ಆರ್ಥೊಡಾಕ್ಸ್ ಕುಟುಂಬಗಳು ಬಂದವು. ಬೇಗ ಯಾಕೆ ಅನ್ನುವ ದೂರು ಹೆಚ್ಚುಕಡಿಮೆ ನಿಂತಿತು.

ನಷ್ಟವೂ ಆಯಿತು. ಬಾಗಿಲಲ್ಲಿ ಕಂಡದ್ದಕ್ಕೆ ಕೈಹಾಕಿ ಕೊಳ್ಳುವ ಸಣ್ಣಪುಟ್ಟ ವ್ಯಾಪಾರ ಅಕ್ಟೋಬರಿನಲ್ಲಿ ಹೋಯಿತು, ಅದು ಆಮೇಲೆ ವಾಪಸ್ ಬರಲಿಲ್ಲ. ಉಡುಗೊರೆ ಸುತ್ತುವ ಕಾಗದದ ವ್ಯಾಪಾರವನ್ನು ಪಕ್ಕದ ಅಂಗಡಿ ಬಾಚಿಕೊಂಡಿತು. ಗೋದಾಮಿನ ಬಾಡಿಗೆ ಜಾಸ್ತಿ ಬಿತ್ತು. ಮೇಣದಬತ್ತಿ ಲೆಕ್ಕಕ್ಕಿಂತ ಹೆಚ್ಚು ಉಳಿಯಿತು. ಎಲ್ಲ ಕೂಡಿ ಕಳೆದು ನೋಡಿದರೆ ಆ ಕಾಲದ ಒಟ್ಟು ವ್ಯಾಪಾರ ಹಿಂದಿನ ವರ್ಷದ ಆಸುಪಾಸಿನಲ್ಲೇ ನಿಂತಿತು. ಇದು ಒಂದೇ ಅಂಗಡಿಯ, ಒಂದೇ ವರ್ಷದ ಅನುಭವ. ಅದನ್ನು ಅಷ್ಟಕ್ಕೇ ಓದಬೇಕು.

ಆದರೂ ಒಂದು ಮಾತು ಗಟ್ಟಿಯಾಗಿ ಹೇಳಬಲ್ಲೆ. ಶೆಲ್ಫಿನ ಮೇಲಿರುವ ಕಾರ್ಡು ಯಾರ ಹಬ್ಬವನ್ನೂ ಕೆಡಿಸುವುದಿಲ್ಲ. ಕೆಡಿಸುವುದು ಎರಡು: ಹಬ್ಬದ ದಿನಗಳಿಗೆ ಮೀಸಲಿರಬೇಕಾದ ಹಾಡು, ಬೆಳಕುಗಳನ್ನು ತಿಂಗಳುಗಟ್ಟಲೆ ಒಂದೇ ಸಮನೆ ಸುರಿಯುವುದು, ಮತ್ತು ಹಬ್ಬ ಬಂದಾಗ ಅಂಗಡಿ ಬರಿದಾಗಿರುವುದು. ಬೇರೆ ಅಂಗಡಿಯವರು ಇದನ್ನು ಮಾಡಿ ನೋಡುವುದಾದರೆ, ಮೊದಲು ಹಳೆಯ ಬಿಲ್ಲುಗಳನ್ನು ತಿಂಗಳವಾರು ಬಿಡಿಸಿ ನೋಡಲಿ. ಯಾವುದು ಯಾವಾಗ ಹೋಗುತ್ತದೆ ಅಂತ ತಿಳಿಯದೆ ತಾರೀಖು ಬದಲಿಸಿದರೆ ಪಾರ್ಸೆಲ್ ಕಳಿಸುವ ಅಜ್ಜಿಗೂ ತೊಂದರೆ, ಅಂಗಡಿಗೂ ತೊಂದರೆ. ದಿನವಿಡೀ ಆ ಹಾಡಿನ ಕೆಳಗೆ ಕೂರುವವರನ್ನೂ ಕೇಳಲಿ. ಗಿರಾಕಿಗಳಿಗಿಂತ ತುಂಬಾ ಮೊದಲೇ ಅವರಿಗೆ ಗೊತ್ತಾಗಿರುತ್ತದೆ.

ಮೂರನೇ ವರ್ಷಕ್ಕೆ ಮಾಲೀಕರು ಇದೇ ಕ್ರಮ ಮುಂದುವರಿಸಿದ್ದಾರೆ. ಮೇಣದಬತ್ತಿಯ ಆರ್ಡರ್ ಕಡಿಮೆ ಮಾಡಿದ್ದಾರೆ, ಬಿಡಿ ಬಲ್ಬಿನದು ಹೆಚ್ಚಿಸಿದ್ದಾರೆ. ಸುತ್ತುವ ಕಾಗದದ ವಿಷಯದಲ್ಲಿ ಮಾತ್ರ ಇನ್ನೂ ಒಮ್ಮತ ಬಂದಿಲ್ಲ. ಅಕ್ಟೋಬರಿನಿಂದಲೇ ಬಾಗಿಲ ಬಳಿ ಒಂದು ಸ್ಟ್ಯಾಂಡ್ ಇಡೋಣ, ಹಬ್ಬದ ಚಿತ್ರವಿಲ್ಲದ ಬರೀ ಬಣ್ಣದ ಕಾಗದ ಸಾಕು ಅನ್ನುವುದು ಖರೀದಿಯ ಹೆಂಗಸಿನ ವಾದ. ಮೇಲ್ವಿಚಾರಕನಿಗೆ ಅದೂ ಇಷ್ಟವಿಲ್ಲ. ಈ ಸಲ ಆ ಸ್ಟ್ಯಾಂಡ್ ಇಟ್ಟು, ಅದರ ಬಿಲ್ಲುಗಳನ್ನು ಬೇರೆಯಾಗಿ ಎತ್ತಿಡುತ್ತಿದ್ದಾರೆ.